ಪ್ರೊಜೆಕ್ಟರಿನಲ್ಲಿ ಎಲ್ಲವೂ ಹಳದಿ, ಒಮ್ಮೊಮ್ಮೆ ‘ನೋ ಸಿಗ್ನಲ್’: ಲ್ಯಾಂಪಿಗೆ ದುಡ್ಡು ಹಾಕುವ ಮೊದಲು

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ವಿಜ್ಞಾನ ಶಿಕ್ಷಕಿ. ಊರಿನ ಹಳೆಯ ವಿದ್ಯಾರ್ಥಿಗಳು ತಮ್ಮ ಆಫೀಸಿನಲ್ಲಿ ಬಳಸಿದ್ದ ಪ್ರೊಜೆಕ್ಟರ್ ಕೊಟ್ಟಿದ್ದಾರೆ. ಮೈಮೇಲೆ ಎಕ್ಸ್‌ಜಿಎ, 2800 ಲ್ಯೂಮೆನ್ಸ್ ಅಂತ ಬರೆದಿದೆ. ಹಿಂದೆ ಎರಡು ವಿಜಿಎ ಸಾಕೆಟ್ ಇವೆ, ಎಚ್‌ಡಿಎಂಐ ಇಲ್ಲ. ಲ್ಯಾಬಿನ ಹಳೆಯ ಕಂಪ್ಯೂಟರಿಗೆ ಹಾಕಿದರೆ ಚಿತ್ರ ಬರುತ್ತದೆ, ಆದರೆ ಎಲ್ಲವೂ ಹಳದಿ. ನನ್ನ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಮಾತ್ರ ಇದೆ. 350 ರೂಪಾಯಿಯ ಕನ್ವರ್ಟರ್ ತಂದು ಹಾಕಿದೆ. ಒಂದು ದಿನ ಚಿತ್ರ ಬರುತ್ತದೆ, ಇನ್ನೊಂದು ದಿನ ನೀಲಿ ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ‘ನೋ ಸಿಗ್ನಲ್’ ಅಂತ ನಿಂತುಬಿಡುತ್ತದೆ. ಬಂದಾಗಲೂ ಹಳದಿಯೇ. ಹಿಂದಿನ ಸಾಲಿನ ಮಕ್ಕಳಿಗೆ ಕನ್ನಡ ಅಕ್ಷರ ಓದಲು ಆಗುವುದಿಲ್ಲ. ಲ್ಯಾಬಿನಲ್ಲಿ ಮಾಡಿದ ಪಾಠವನ್ನು ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡದ ಬದಲು ಏನೇನೋ ಇಂಗ್ಲಿಷ್ ಅಕ್ಷರ ಬರುತ್ತವೆ. ಬೆಳಗ್ಗೆ ಚಿತ್ರ ಪರವಾಗಿಲ್ಲ, ಮಧ್ಯಾಹ್ನ ತೀರಾ ಮಂಕು. ಕೇಬಲ್ ಸಿಕ್ಕಿಸುವಾಗ ಒಮ್ಮೊಮ್ಮೆ ಕೈ ಜುಮ್ ಅನ್ನುತ್ತದೆ. ತಾಲ್ಲೂಕಿನ ಅಂಗಡಿಯವರು ಲ್ಯಾಂಪ್ ಹೋಗಿದೆ, 9,000 ರೂಪಾಯಿ ಆಗುತ್ತದೆ ಅಂದರು. ಅದಕ್ಕಿಂತ ಕಡಿಮೆಗೆ ಆನ್‌ಲೈನಿನಲ್ಲಿ 10,000 ಲ್ಯೂಮೆನ್ಸ್‌ನ ಹೊಸ ಮಿನಿ ಪ್ರೊಜೆಕ್ಟರೇ ಸಿಗುತ್ತದೆ ಅಂತ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ದುಡ್ಡು, ಯಾವುದಕ್ಕೆ ಹಾಕಲಿ? ಕರೆಂಟ್ ಹೋದಾಗ ಪ್ರೊಜೆಕ್ಟರ್ ಥಟ್ಟನೆ ಆರಿದರೂ ಕೆಡುತ್ತದಂತೆ, ನಿಜವೇ?

ಉತ್ತರ: ಮೇಡಂ, ಸದ್ಯಕ್ಕೆ ಎರಡಕ್ಕೂ ದುಡ್ಡು ಹಾಕಬೇಡಿ. ಲ್ಯಾಂಪೂ ಬೇಡ, ಮಿನಿ ಪ್ರೊಜೆಕ್ಟರೂ ಬೇಡ. ನಿಮ್ಮ ಲ್ಯಾಂಪ್ ಹೋಗಿಲ್ಲ. ಅದಕ್ಕೆ ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ.

ನೀಲಿ ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ‘ನೋ ಸಿಗ್ನಲ್’ ಅಂತ ಬರುತ್ತದೆ ಎಂದು ಬರೆದಿದ್ದೀರಿ. ಆ ಪರದೆ ಕಂಪ್ಯೂಟರಿನಿಂದ ಬರುವುದಲ್ಲ. ಪ್ರೊಜೆಕ್ಟರ್ ತಾನೇ ಒಳಗೆ ತಯಾರಿಸಿ ತೋರಿಸುವುದು. ಗೋಡೆಯ ಮೇಲೆ ಅದು ಕಾಣುತ್ತಿದೆ ಅಂದರೆ ಲ್ಯಾಂಪ್ ಉರಿಯುತ್ತಿದೆ. ನೀಲಿ ನೀಲಿಯಾಗಿ, ಬಿಳಿ ಬಿಳಿಯಾಗಿ ಕಾಣುತ್ತಿದೆ ಅಂದರೆ ಒಳಗಿನ ಪ್ಯಾನೆಲ್, ಬಣ್ಣ, ಲೆನ್ಸ್ ಎಲ್ಲವೂ ಸರಿಯಿವೆ. ಹಾಗಾಗಿ ಹಳದಿ ಬಣ್ಣ ಹುಟ್ಟುತ್ತಿರುವುದು ಪ್ರೊಜೆಕ್ಟರಿನ ಹೊಟ್ಟೆಯಲ್ಲಿ ಅಲ್ಲ, ಅದಕ್ಕೆ ಸಿಗ್ನಲ್ ಬರುವ ದಾರಿಯಲ್ಲಿ.

ಶಾಲೆ, ಸಮುದಾಯ ಭವನ, ಆಫೀಸುಗಳಲ್ಲಿ ಪ್ರೊಜೆಕ್ಟರ್ ಕೂರಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಎಲ್ಲಿಗೆ ಹೋದರೂ ನಾನು ಮೊದಲು ಒತ್ತುವುದು ರಿಮೋಟಿನ ‘ಮೆನು’ ಬಟನ್. ಮೆನು ಕೂಡ ಪ್ರೊಜೆಕ್ಟರಿನ ಸ್ವಂತ ಚಿತ್ರ. ಮೆನು ಚೆನ್ನಾಗಿದ್ದು ಪಾಠದ ಚಿತ್ರ ಕೆಟ್ಟಿದ್ದರೆ ತಪ್ಪು ಕೇಬಲ್, ಕನ್ವರ್ಟರ್, ಕಂಪ್ಯೂಟರ್ ಅಥವಾ ಕೇಬಲ್ ಸಿಕ್ಕಿಸುವ ಸಾಕೆಟ್ಟಿನದ್ದು. ಮೆನುವೇ ಕೆಟ್ಟಿದ್ದರೆ ತಪ್ಪು ಪ್ರೊಜೆಕ್ಟರಿನದ್ದು. ಅರ್ಧ ನಿಮಿಷದ ಕೆಲಸ. ಇದನ್ನು ಮಾಡದೆ ಯಾರೇ ‘ಲ್ಯಾಂಪ್ ಹೋಗಿದೆ’ ಅಂದರೂ ನಂಬಬೇಡಿ. ಮೆನುವಿನಲ್ಲೂ ಹಳದಿ ಕಂಡರೆ, ಅದೂ ಒಂದು ಮೂಲೆಯಲ್ಲೋ ನಡುವಿನಲ್ಲೋ ಕಲೆಯ ಹಾಗೆ ಕಂಡರೆ, ಆಗ ಒಳಗಿನ ಪೋಲರೈಸರ್, ಅಂದರೆ ಬೆಳಕು ಸೋಸುವ ತೆಳು ಹಾಳೆ, ಸುಟ್ಟಿರಬಹುದು. ಎಲ್‌ಸಿಡಿ ಪ್ರೊಜೆಕ್ಟರುಗಳಲ್ಲಿ ವಯಸ್ಸಾದಂತೆ ಇದು ಆಗುತ್ತದೆ. ಚಿತ್ರದ ತುಂಬಾ ನಕ್ಷತ್ರದ ಹಾಗೆ ಬಿಳಿ ಚುಕ್ಕೆಗಳು ಬಂದರೆ ಅದು ಡಿಎಲ್‌ಪಿ ಅನ್ನುವ ಇನ್ನೊಂದು ಬಗೆಯ ಪ್ರೊಜೆಕ್ಟರಿನ ಚಿಪ್ ಹೋಗುವ ಲಕ್ಷಣ. ಇವೆರಡಕ್ಕೂ ಲ್ಯಾಂಪ್ ಬದಲಿಸಿ ಪ್ರಯೋಜನವಿಲ್ಲ. ನಿಮ್ಮದು ಇವೆರಡೂ ಅಲ್ಲ.

ಈಗ ಹಳದಿ ಯಾಕೆ ಅಂತ ನೋಡೋಣ. ನೀವು ವಿಜ್ಞಾನ ಕಲಿಸುವವರು, ಇದು ಪಾಠಕ್ಕೂ ಆಗುತ್ತದೆ. ವಿಜಿಎ ಅನ್ನುವುದು 1987ರಲ್ಲಿ ಐಬಿಎಂ ತಂದ ಹಳೆಯ ಪದ್ಧತಿ. ಅದರ ಪ್ಲಗ್ಗಿನಲ್ಲಿ ಐದೈದರ ಮೂರು ಸಾಲು, ಒಟ್ಟು 15 ಪಿನ್ ಜಾಗ. ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆ ತಂತಿ. ಮೂರೂ ಸೇರಿದರೆ ಬಿಳಿ. ನೀಲಿಯ ತಂತಿ ತುಂಡಾದರೆ ಉಳಿಯುವುದು ಕೆಂಪು ಮತ್ತು ಹಸಿರು, ಅವೆರಡು ಬೆಳಕು ಸೇರಿದರೆ ಹಳದಿ. ಹಸಿರು ಹೋದರೆ ಎಲ್ಲವೂ ನೇರಳೆ ಮಿಶ್ರಿತ ಗುಲಾಬಿ ಆಗುತ್ತದೆ. ಕೆಂಪು ಹೋದರೆ ಹಸಿರು ಕಲೆಸಿದ ತಿಳಿನೀಲಿ. ಬಣ್ಣ ನೋಡಿಯೇ ಯಾವ ತಂತಿ ಹೋಗಿದೆ ಅಂತ ಹೇಳಬಹುದು.

ನಿಮ್ಮ ವಿಷಯದಲ್ಲಿ ಲ್ಯಾಬಿನ ಕಂಪ್ಯೂಟರಿನಲ್ಲೂ ಹಳದಿ, ಲ್ಯಾಪ್‌ಟಾಪಿನಲ್ಲೂ ಹಳದಿ. ಎರಡಕ್ಕೂ ಸಮಾನವಾಗಿ ಇರುವುದು ಆ ವಿಜಿಎ ಕೇಬಲ್. ಕೇಬಲ್ ಬಿಚ್ಚಿ ಎರಡೂ ತುದಿಯ ಪ್ಲಗ್ ನೋಡಿ. ಅಗಲದ ಬದಿ ಮೇಲೆ ಬರುವ ಹಾಗೆ ಹಿಡಿದರೆ, ಮೇಲಿನ ಸಾಲಿನ ನಟ್ಟನಡುವಿನ ಪಿನ್ ನೀಲಿಯದ್ದು. ಅದು ಬಾಗಿರಬಹುದು, ಒಳಗೆ ತಳ್ಳಿ ಹೋಗಿರಬಹುದು ಅಥವಾ ಮುರಿದಿರಬಹುದು. ನಡುವಿನ ಸಾಲಿನಲ್ಲಿ ಒಂದು ಪಿನ್ ಜಾಗ ಖಾಲಿ ಕಂಡರೆ ಗಾಬರಿಯಾಗಬೇಡಿ, ಬಹಳಷ್ಟು ಕೇಬಲ್‌ಗಳಲ್ಲಿ ಆ ಒಂಬತ್ತನೇ ಪಿನ್ ಮೊದಲಿಂದಲೇ ಇರುವುದಿಲ್ಲ.

ಬಾಗಿದ ಪಿನ್ನನ್ನು ಕತ್ತರಿ, ಸ್ಕ್ರೂಡ್ರೈವರಿನಿಂದ ಎತ್ತಲು ಹೋದರೆ ಪಕ್ಕದ್ದೂ ಬಾಗುತ್ತದೆ. ಸೀಸ ತುಂಬಿ ಬರೆಯುವ ಪೆನ್ ಪೆನ್ಸಿಲ್ ಇರುತ್ತದಲ್ವಾ, ಅದರ ಸೀಸ ತೆಗೆದು ತುದಿಯ ಲೋಹದ ನಳಿಗೆಯನ್ನು ಪಿನ್ನಿಗೆ ತೊಡಿಸಿ ನಿಧಾನವಾಗಿ ನೆಟ್ಟಗೆ ಮಾಡಿ. ಒಂದೆರಡು ಸಲ ಬಾಗಿದ ಪಿನ್ ಉಳಿಯುತ್ತದೆ. ಪದೇ ಪದೇ ಬಾಗಿದ್ದು ಮುರಿಯುತ್ತದೆ. ಮುರಿದರೆ ಹೊಸ ಕೇಬಲ್ ತನ್ನಿ, ಅದಕ್ಕೆ ಕೆಲವು ನೂರು ರೂಪಾಯಿ ಸಾಕು. ಬೇಕಾದಷ್ಟೇ ಉದ್ದದ್ದು ತನ್ನಿ. ಹದಿನೈದು ಮೀಟರಿನ ತೆಳ್ಳನೆಯ ವಿಜಿಎ ಕೇಬಲ್‌ನಲ್ಲಿ ಅಕ್ಷರದ ಪಕ್ಕ ನೆರಳು ಬಿದ್ದಂತೆ ಕಾಣುತ್ತದೆ. ಪ್ಲಗ್ಗಿನ ಎರಡು ಬದಿಯ ಸ್ಕ್ರೂ ತಿರುಗಿಸಿ ಬಿಗಿ ಮಾಡಿ. ಸ್ಕ್ರೂ ಬಿಗಿಯದೆ ಸುಮ್ನೆ ಸಿಕ್ಕಿಸಿ ಬಿಟ್ಟರೆ ಕೇಬಲಿನ ಭಾರಕ್ಕೇ ಪ್ಲಗ್ ಜೋತುಬಿದ್ದು ಪಿನ್ ಬಾಗುತ್ತವೆ. ಶಾಲೆಗಳಲ್ಲಿ ಕೇಬಲ್ ಕೆಡುವುದು ಹೆಚ್ಚಾಗಿ ಹೀಗೇ.

ಹೊಸ ಕೇಬಲ್ ತರುವ ಮೊದಲೇ ಖಚಿತ ಮಾಡಿಕೊಳ್ಳಬೇಕೆಂದರೆ ಲ್ಯಾಬಿನ ಮಾನಿಟರಿಗೆ ಇದೇ ಕೇಬಲ್ ಹಾಕಿ ನೋಡಿ. ಕೆಲವು ಮಾನಿಟರುಗಳಲ್ಲಿ ಕೇಬಲ್ ಬಿಚ್ಚಲು ಬರುವುದಿಲ್ಲ, ಆದರೆ ಹೆಚ್ಚಿನವುಗಳಲ್ಲಿ ಬರುತ್ತದೆ. ಮಾನಿಟರೂ ಹಳದಿಯಾದರೆ ಕೇಬಲ್ಲೇ ಕಳ್ಳ. ಮಾನಿಟರಿನಲ್ಲಿ ಬಣ್ಣ ಸರಿಯಾಗಿ ಬಂದು ಪ್ರೊಜೆಕ್ಟರಿನಲ್ಲಿ ಮಾತ್ರ ಹಳದಿಯಾದರೆ ಪ್ರೊಜೆಕ್ಟರಿನ ಸಾಕೆಟ್ಟಿನ ಬೆಸುಗೆ ಬಿಟ್ಟಿರಬೇಕು. ಅದನ್ನು ಬೋರ್ಡ್ ರಿಪೇರಿ ಮಾಡುವವರು ಮತ್ತೆ ಬೆಸೆದು ಕೊಡುತ್ತಾರೆ. ಆಗಲೂ ಲ್ಯಾಂಪಿಗೆ ಸಂಬಂಧವಿಲ್ಲ.

‘ನೋ ಸಿಗ್ನಲ್’ ಬೇರೆಯೇ ತೊಂದರೆ. ಲ್ಯಾಬಿನ ಕಂಪ್ಯೂಟರಿಗೆ ಅದು ಬರುವುದಿಲ್ಲ, ಲ್ಯಾಪ್‌ಟಾಪಿಗೆ ಮಾತ್ರ ಬರುತ್ತದೆ. ಹಾಗಾಗಿ ಅನುಮಾನ ಕನ್ವರ್ಟರ್ ಮತ್ತು ಲ್ಯಾಪ್‌ಟಾಪಿನ ಸೆಟ್ಟಿಂಗ್ ಮೇಲೆ.

ಎಚ್‌ಡಿಎಂಐ ಡಿಜಿಟಲ್, ವಿಜಿಎ ಅನಲಾಗ್. ಒಂದನ್ನು ಇನ್ನೊಂದಾಗಿ ಬದಲಿಸಲು ಕನ್ವರ್ಟರಿನೊಳಗೆ ಒಂದು ಚಿಪ್ ಕೆಲಸ ಮಾಡಬೇಕು. ಆ ಚಿಪ್‌ಗೆ ಕರೆಂಟ್ ಬೇಕು. ಎಚ್‌ಡಿಎಂಐ ಸಾಕೆಟ್ಟಿನ 5 ವೋಲ್ಟ್ ಪಿನ್ನಿನಿಂದ ಸಿಗುವ ಕರೆಂಟ್ ಬಹಳ ಕಡಿಮೆ, 55 ಮಿಲಿ ಆಂಪಿಯರ್ ಕೊಟ್ಟರೆ ಸಾಕು ಅಂತಲೇ ನಿಯಮ ಇರುವುದು. ಕೆಲವು ಕನ್ವರ್ಟರುಗಳಿಗೆ ಅಷ್ಟು ಸಾಲುವುದಿಲ್ಲ. ಅದಕ್ಕೇ ಒಂದು ದಿನ ಬರುತ್ತದೆ, ಇನ್ನೊಂದು ದಿನ ಇಲ್ಲ. ನಿಮ್ಮ ಕನ್ವರ್ಟರಿನ ಪಕ್ಕದಲ್ಲಿ ಮೊಬೈಲ್ ಚಾರ್ಜರಿನಂಥ ಸಣ್ಣ ತೂತು ಇದೆಯೇ ನೋಡಿ. ಇದ್ದರೆ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಅದಕ್ಕೆ ಕರೆಂಟ್ ಕೊಡಿ. ಇಲ್ಲದಿದ್ದರೆ, ಆ ತೂತು ಇರುವ ಕನ್ವರ್ಟರನ್ನೇ ಕೇಳಿ ತನ್ನಿ. ಜೊತೆಗೆ ಆಡಿಯೋ ಜಾಕ್ ಇದ್ದರೆ ಇನ್ನೂ ಒಳ್ಳೆಯದು. ಎಚ್‌ಡಿಎಂಐ ಹಾಕಿದ ಕೂಡಲೇ ವಿಂಡೋಸ್ ಎಷ್ಟೋ ಸಲ ಧ್ವನಿಯನ್ನೂ ಅದರ ಕಡೆಗೇ ಕಳಿಸಿಬಿಡುತ್ತದೆ. ವಿಜಿಎಯಲ್ಲಿ ಧ್ವನಿ ಹೋಗುವುದಿಲ್ಲ. ಲ್ಯಾಪ್‌ಟಾಪ್ ಮೂಕವಾಗುತ್ತದೆ. ಟಾಸ್ಕ್‌ಬಾರಿನ ಸ್ಪೀಕರ್ ಗುರುತು ಒತ್ತಿ ಲ್ಯಾಪ್‌ಟಾಪಿನ ಸ್ಪೀಕರನ್ನೇ ಮತ್ತೆ ಆರಿಸಿದರೆ ಸರಿಹೋಗುತ್ತದೆ. ಈ ಕನ್ವರ್ಟರ್ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ ಅನ್ನುವುದೂ ನೆನಪಿರಲಿ. ಲ್ಯಾಬಿನ ವಿಜಿಎ ಕಂಪ್ಯೂಟರನ್ನು ಎಚ್‌ಡಿಎಂಐ ಟಿವಿಗೆ ಹಾಕಲು ಇದು ಬರುವುದಿಲ್ಲ, ಅದಕ್ಕೆ ಬೇರೆಯದೇ ಬೇಕು.

ಹಣ ಕೊಟ್ಟು ನೋಡುವ ಸಿನಿಮಾ ಆಪ್‌ಗಳು ಈ ಕನ್ವರ್ಟರಿನ ಮೂಲಕ ಕಪ್ಪು ಪರದೆ ತೋರಿಸಬಹುದು, ಮಾತು ಮಾತ್ರ ಕೇಳಬಹುದು. ಅದು ನಕಲು ತಡೆಯುವ ವ್ಯವಸ್ಥೆ, ಅನಲಾಗ್ ಕೇಬಲಿಗೆ ಚಿತ್ರ ಬಿಡುವುದಿಲ್ಲ. ನೀವು ಬಳಸುವ ಪಾಠದ ವಿಡಿಯೋಗಳಿಗೆ ಸಾಮಾನ್ಯವಾಗಿ ಈ ತೊಡಕು ಇಲ್ಲ.

ಪ್ರೊಜೆಕ್ಟರಿನ ಹಿಂದೆ ಎರಡು ವಿಜಿಎ ಸಾಕೆಟ್ ಇವೆ ಅಂದಿದ್ದೀರಿ. ಅವುಗಳಲ್ಲಿ ಒಂದು ಒಳಬರುವುದಕ್ಕೆ, ಇನ್ನೊಂದು ‘ಮಾನಿಟರ್ ಔಟ್’, ಅಂದರೆ ಬೇರೆ ಮಾನಿಟರಿಗೆ ಚಿತ್ರ ಕಳಿಸುವುದಕ್ಕೆ ಇರಬಹುದು. ಅಕ್ಕಪಕ್ಕ ಇರುವುದರಿಂದ ಅವಸರದಲ್ಲಿ ಔಟ್‌ಗೆ ಸಿಕ್ಕಿಸಿದರೆ ಬ್ರಹ್ಮ ಬಂದರೂ ಚಿತ್ರ ಬರುವುದಿಲ್ಲ. ಸರಿಯಾದ ಸಾಕೆಟ್ಟಿನ ಸುತ್ತ ಒಂದು ಬಣ್ಣದ ಟೇಪ್ ಅಂಟಿಸಿಬಿಡಿ. ಎರಡೂ ಒಳಬರುವ ಸಾಕೆಟ್ಟೇ ಆಗಿದ್ದರೆ ರಿಮೋಟಿನ ‘ಸೋರ್ಸ್’ ಬಟನ್ ಒತ್ತಿ ಕಂಪ್ಯೂಟರ್ 1, ಕಂಪ್ಯೂಟರ್ 2 ಎರಡನ್ನೂ ನೋಡಿ.

ಇನ್ನು ಲ್ಯಾಪ್‌ಟಾಪ್ ಕಡೆ. ವಿಂಡೋಸ್ ಕೀ ಒತ್ತಿ ಹಿಡಿದು ಪಿ ಒತ್ತಿದರೆ ನಾಲ್ಕು ಆಯ್ಕೆ ಬರುತ್ತವೆ. ಮೊದಲನೆಯದು ಲ್ಯಾಪ್‌ಟಾಪಿನಲ್ಲಿ ಮಾತ್ರ, ಅದು ಇದ್ದರೆ ಪ್ರೊಜೆಕ್ಟರಿಗೆ ಏನೂ ಹೋಗುವುದಿಲ್ಲ. ‘ಡೂಪ್ಲಿಕೇಟ್’ ಅಂದರೆ ಎರಡರಲ್ಲೂ ಒಂದೇ ಚಿತ್ರ. ‘ಎಕ್ಸ್‌ಟೆಂಡ್’ ಅಂದರೆ ಪ್ರೊಜೆಕ್ಟರ್ ಇನ್ನೊಂದು ಮೇಜಿನ ಥರ. ಗೋಡೆಯ ಮೇಲೆ ವಾಲ್‌ಪೇಪರ್ ಮಾತ್ರ ಕಾಣುತ್ತದೆ, ಪಾಠ ಕಾಣುವುದಿಲ್ಲ ಅಂತ ನನಗೆ ಬರುವ ಫೋನುಗಳೆಲ್ಲ ಈ ಎಕ್ಸ್‌ಟೆಂಡಿನವು. ಅಲ್ಲಿ ಏನೂ ಕೆಟ್ಟಿರುವುದಿಲ್ಲ. ಪಾಠದ ಕಿಟಕಿಯ ಮೇಲಿದ್ದು ವಿಂಡೋಸ್, ಶಿಫ್ಟ್ ಎರಡೂ ಹಿಡಿದು ಬಲ ಬಾಣ ಅಥವಾ ಎಡ ಬಾಣ ಒತ್ತಿದರೆ ಅದು ಪ್ರೊಜೆಕ್ಟರಿಗೆ ಹಾರುತ್ತದೆ. ನಾಲ್ಕನೆಯದು ಪ್ರೊಜೆಕ್ಟರಿನಲ್ಲಿ ಮಾತ್ರ. ಉಬುಂಟು ಹಾಕಿದ ಲ್ಯಾಬ್ ಕಂಪ್ಯೂಟರುಗಳಲ್ಲೂ ವಿಂಡೋಸ್ ಕೀ ಜೊತೆ ಪಿ ಒತ್ತಿದರೆ ಇಂಥದೇ ಆಯ್ಕೆ ಸಿಗುತ್ತದೆ.

ಎಲ್ಲ ಸರಿಯಿದ್ದೂ ಚಿತ್ರ ಬಾರದಿದ್ದರೆ ಕ್ರಮ ಬದಲಿಸಿ. ಮೊದಲು ಎಲ್ಲ ಕೇಬಲ್ ಹಾಕಿ, ಆಮೇಲೆ ಪ್ರೊಜೆಕ್ಟರ್ ಆನ್ ಮಾಡಿ, ಅದು ಪೂರ್ತಿ ಬೆಳಗಿದ ಮೇಲೆ ಲ್ಯಾಪ್‌ಟಾಪ್ ಆನ್ ಮಾಡಿ. ಕಾರಣ ಇದೆ. ‘ನಾನು ಇಂಥ ಪ್ರೊಜೆಕ್ಟರ್, ಇಷ್ಟು ಅಳತೆಯ ಚಿತ್ರ ನನಗೆ ಆಗುತ್ತದೆ’ ಅನ್ನುವ ಮಾಹಿತಿಯನ್ನು ಪ್ರೊಜೆಕ್ಟರ್ ಕೇಬಲಿನ ಮೂಲಕ ಕಂಪ್ಯೂಟರಿಗೆ ಕೊಡುತ್ತದೆ. ಅದಕ್ಕೆ ಇಡಿಐಡಿ ಅನ್ನುತ್ತಾರೆ. ವಿಜಿಎಯಲ್ಲಿ ಕೆಳಗಿನ ಸಾಲಿನ ಎರಡು ಪಿನ್ ಈ ಕೆಲಸಕ್ಕೇ ಇವೆ. ಅವು ಮುರಿದಿದ್ದರೆ ಅಥವಾ ಕನ್ವರ್ಟರ್ ಆ ಮಾಹಿತಿ ದಾಟಿಸದಿದ್ದರೆ ಕಂಪ್ಯೂಟರ್ ಕತ್ತಲಲ್ಲಿ ಊಹಿಸಿ ಕಳಿಸುತ್ತದೆ. ಊಹೆ ತಪ್ಪಿದರೆ ‘ಔಟ್ ಆಫ್ ರೇಂಜ್’ ಅಂತಲೋ ‘ನೋ ಸಿಗ್ನಲ್’ ಅಂತಲೋ ಬರುತ್ತದೆ. ಆಗ ಲ್ಯಾಪ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಎರಡನೇ ಪರದೆ ಆರಿಸಿ ನೀವೇ 1024×768, 60 ಹರ್ಟ್ಸ್ ಅಂತ ಹಾಕಿ.

ಈ 1024×768 ಯಾಕೆ ಅಂದರೆ ಎಕ್ಸ್‌ಜಿಎ ಅಂದರೆ ಅದೇ. ನಿಮ್ಮ ಪ್ರೊಜೆಕ್ಟರಿನ ಒಳಗೆ ಅಡ್ಡಕ್ಕೆ 1024, ಉದ್ದಕ್ಕೆ 768 ಚುಕ್ಕೆ ಮಾತ್ರ ಇವೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ 1920×1080 ಇರುತ್ತದೆ. ಲ್ಯಾಪ್‌ಟಾಪ್ ಅಷ್ಟನ್ನೂ ಕಳಿಸಿದರೆ ಪ್ರೊಜೆಕ್ಟರ್ ಅದನ್ನು ಹಿಂಡಿ ತನ್ನ ಚುಕ್ಕೆಗಳಲ್ಲಿ ಕೂರಿಸುತ್ತದೆ. ಇಂಗ್ಲಿಷ್ ಅಕ್ಷರ ಇದನ್ನು ಹೇಗೋ ತಡೆದುಕೊಳ್ಳುತ್ತದೆ. ಕನ್ನಡ ತಡೆಯುವುದಿಲ್ಲ. ‘ದ್ಯುತಿಸಂಶ್ಲೇಷಣೆ’ ಅನ್ನುವ ಪದವನ್ನೇ ನೋಡಿ. ದ ಕೆಳಗಿನ ಯ ಒತ್ತು, ಶ ಕೆಳಗಿನ ಲ ಒತ್ತು, ಪಕ್ಕದ ದೀರ್ಘ, ಇವೆಲ್ಲ ಸಣ್ಣ ಸಣ್ಣ ಗೆರೆ. ಹಿಂಡಿದಾಗ ಮೊದಲು ಕರಗುವುದು ಇವೇ. ಒತ್ತು ಮುದ್ದೆಯಾಗುತ್ತದೆ. ಹಿಂದಿನ ಬೆಂಚಿನ ಮಗುವಿಗೆ ಏನೋ ಬರೆದಿದೆ ಅಂತ ಕಾಣುತ್ತದೆ, ಏನು ಬರೆದಿದೆ ಅಂತ ಕಾಣುವುದಿಲ್ಲ. ಮಕ್ಕಳು ಸರಿಯಾಗಿ ಓದುತ್ತಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ, ಅವರ ಕಣ್ಣಿಗೆ ಅಕ್ಷರವೇ ಪೂರ್ತಿ ತಲುಪಿರುವುದಿಲ್ಲ. ಶಾಲೆಗಳಲ್ಲಿ ನನಗೆ ತುಂಬಾ ನೋವು ಕೊಡುವ ವಿಷಯ ಇದು. ಸರಿ ಮಾಡುವುದಕ್ಕೆ ಒಂದು ಪೈಸೆ ಖರ್ಚಿಲ್ಲ.

ಹಾಗಾಗಿ ಎಕ್ಸ್‌ಟೆಂಡ್ ಅಥವಾ ಪ್ರೊಜೆಕ್ಟರ್ ಮಾತ್ರ ಅನ್ನುವ ಆಯ್ಕೆ ಇಟ್ಟುಕೊಂಡು ಪ್ರೊಜೆಕ್ಟರಿಗೆ ಅದರದ್ದೇ ಅಳತೆ ಕೊಡಿ. ಪವರ್‌ಪಾಯಿಂಟಿನಲ್ಲಿ ಸ್ಲೈಡ್ ಸೈಜ್ ಅನ್ನು 4:3 ಮಾಡಿ. ಅಗಲದ 16:9 ಸ್ಲೈಡ್ ಹಾಕಿದರೆ ನಿಮ್ಮ 768 ಸಾಲಿನಲ್ಲಿ 576 ಮಾತ್ರ ಬಳಕೆಯಾಗುತ್ತವೆ, ಮೇಲೆ ಕೆಳಗೆ ಕಪ್ಪು ಪಟ್ಟಿ ಸುಮ್ನೆ ಜಾಗ ತಿನ್ನುತ್ತದೆ. ಅಕ್ಷರ 28ಕ್ಕಿಂತ ಸಣ್ಣದು ಬೇಡ. ಒಂದು ಸ್ಲೈಡಿನಲ್ಲಿ ಆರೇಳು ಸಾಲಿಗಿಂತ ಜಾಸ್ತಿ ಬೇಡ. ಚಿತ್ರ ಒಂದು ಬದಿಗೆ ಸರಿದಿದ್ದರೆ ಅಥವಾ ಅಕ್ಷರ ನಡುಗುತ್ತಿದ್ದರೆ ರಿಮೋಟಿನ ‘ಆಟೋ’ ಬಟನ್ ಒಮ್ಮೆ ಒತ್ತಿ. ವಿಜಿಎ ಸಿಗ್ನಲಿಗೆ ಪ್ರೊಜೆಕ್ಟರ್ ತಾಳ ಕೂರಿಸಿಕೊಳ್ಳುವುದು ಅದರಿಂದ.

ಕೀಸ್ಟೋನ್ ಬಗ್ಗೆಯೂ ಹೇಳಬೇಕು. ಪ್ರೊಜೆಕ್ಟರಿನ ಮುಂದಿನ ಕಾಲಿನ ಕೆಳಗೆ ಪುಸ್ತಕ ಇಟ್ಟು ಎತ್ತಿದರೆ ಚಿತ್ರದ ಮೇಲ್ಭಾಗ ಅಗಲ, ಕೆಳಭಾಗ ಕಿರಿದು ಆಗುತ್ತದೆ. ಅದನ್ನು ಕೀಸ್ಟೋನ್ ಬಟನ್‌ನಿಂದ ಚೌಕ ಮಾಡುವುದು ಎಲ್ಲರ ರೂಢಿ. ಆದರೆ ಕೀಸ್ಟೋನ್ ಚಿತ್ರವನ್ನು ಒಳಗೇ ಹಿಂಡಿ, ಕೆಲವು ಚುಕ್ಕೆಗಳನ್ನು ನಂದಿಸಿ ಚೌಕ ಮಾಡುತ್ತದೆ. ಮತ್ತೆ ಒತ್ತಕ್ಷರಕ್ಕೇ ಪೆಟ್ಟು. ಪ್ರೊಜೆಕ್ಟರನ್ನು ಮಟ್ಟಸವಾಗಿ, ಗೋಡೆಗೆ ನೇರವಾಗಿ ಇಡಿ. ಸಾಮಾನ್ಯವಾಗಿ ಪ್ರೊಜೆಕ್ಟರಿನ ಚಿತ್ರ ಲೆನ್ಸಿನ ಮಟ್ಟದಿಂದ ಮೇಲಕ್ಕೇ ಬೀಳುವ ಹಾಗೆ ಮಾಡಿರುತ್ತಾರೆ. ಇನ್ನೂ ಎತ್ತರ ಬೇಕಾದರೆ ಪ್ರೊಜೆಕ್ಟರನ್ನು ಓರೆ ಮಾಡಬೇಡಿ, ಮೇಜನ್ನೇ ಎತ್ತರ ಮಾಡಿ. ಕೀಸ್ಟೋನ್ ಸೊನ್ನೆಯಲ್ಲೇ ಇರಲಿ. ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿದ್ದರೆ ಯಾರೋ ಮೆನುವಿನಲ್ಲಿ ‘ರಿಯರ್’ ಅಂತ ಇಟ್ಟಿದ್ದಾರೆ, ‘ಫ್ರಂಟ್’ ಮಾಡಿ.

ಲ್ಯಾಪ್‌ಟಾಪಿನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಬರುವುದಕ್ಕೂ ಪ್ರೊಜೆಕ್ಟರಿಗೂ ಸಂಬಂಧವಿಲ್ಲ. ಲ್ಯಾಬಿನಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲೋ ಅಂಥದೇ ಇನ್ನೊಂದರಲ್ಲೋ ಪಾಠ ಟೈಪ್ ಮಾಡಿರಬೇಕು. ಆ ಫಾಂಟ್‌ಗಳಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಇರುವುದು ಇಂಗ್ಲಿಷ್ ಅಕ್ಷರವೇ, ಅದರ ಮೇಲೆ ಕನ್ನಡದ ಆಕಾರ ತೊಡಿಸಿರುತ್ತಾರೆ. ಫಾಂಟ್ ಇಲ್ಲದ ಲ್ಯಾಪ್‌ಟಾಪಿಗೆ ಹೋದರೆ ತೊಡುಗೆ ಕಳಚಿ ಒಳಗಿನದು ಕಾಣುತ್ತದೆ. ಹೊಸ ಪಾಠಗಳನ್ನು ಯೂನಿಕೋಡಿನಲ್ಲೇ ಮಾಡಿ. ವಿಂಡೋಸ್ ಜೊತೆಗೇ ಬರುವ ನಿರ್ಮಲ ಯುಐ ಸಾಕು. ಹಳೆಯ ಪಾಠಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಓದಿ ನೋಡಿ, ಅಲ್ಲಿ ತಪ್ಪು ಉಳಿಯುತ್ತದೆ. ನಾಳೆಯೇ ಪಾಠ ಇದೆ, ಪುರುಸೊತ್ತಿಲ್ಲ ಅಂದರೆ ಲ್ಯಾಬಿನ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಪೆನ್‌ಡ್ರೈವಿನಲ್ಲಿ ತನ್ನಿ. ಪಿಡಿಎಫ್‌ನೊಳಗೆ ಫಾಂಟ್ ಕೂಡ ಸೇರಿ ಬರುತ್ತದೆ.

ಮಧ್ಯಾಹ್ನದ ಮಂಕು. ಲ್ಯಾಂಪಿಗೆ ಬೆಳಗ್ಗೆ, ಮಧ್ಯಾಹ್ನ ಅಂತ ಗೊತ್ತಾಗುವುದಿಲ್ಲ. ಅದು ಹಳೆಯದಾದರೆ ಎಲ್ಲ ಹೊತ್ತಿನಲ್ಲೂ ಮಂಕಾಗುತ್ತದೆ. ಮಧ್ಯಾಹ್ನ ಮಾತ್ರ ಮಂಕು ಅಂದರೆ ನಿಮ್ಮ ಕೋಣೆಗೆ ಪಶ್ಚಿಮದ ಕಡೆ ಕಿಟಕಿ ಇರಬೇಕು. ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಚೆಲ್ಲಲು ಬರುವುದಿಲ್ಲ. ಗೋಡೆಯ ಮೇಲೆ ಬೆಳಕು ಬೀಳದ ಜಾಗವೇ ಅದರ ಕಪ್ಪು. ಬಿಸಿಲು ಬಿದ್ದ ಗೋಡೆಯಲ್ಲಿ ಕಪ್ಪು ಇರುವುದೇ ಇಲ್ಲ. ಕೋಣೆ ಪೂರ್ತಿ ಕತ್ತಲು ಮಾಡಬೇಕಿಲ್ಲ, ಚಿತ್ರ ಬೀಳುವ ಗೋಡೆಗೆ ನೇರ ಬೆಳಕು ಬೀಳದಿದ್ದರೆ ಸಾಕು. ಚಿತ್ರ ಬೇರೆ ಗೋಡೆಗೆ ತಿರುಗಿಸಿ, ಅಥವಾ ಆ ಒಂದು ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ. ಸ್ಲೈಡಿಗೆ ಬಿಳಿ ಹಿನ್ನೆಲೆ, ಕಪ್ಪು ಅಕ್ಷರ ಇರಲಿ. ಕಡುನೀಲಿ ಹಿನ್ನೆಲೆಯಲ್ಲಿ ಹಳದಿ ಅಕ್ಷರ ಲ್ಯಾಪ್‌ಟಾಪಿನಲ್ಲಿ ಚೆಂದ ಕಾಣಬಹುದು, ಬೆಳಕಿರುವ ಕೋಣೆಯಲ್ಲಿ ಅಲ್ಲ.

ಚಿತ್ರವನ್ನೂ ಚಿಕ್ಕದು ಮಾಡಿ. ಗೋಡೆ ತುಂಬಾ ಬರಲಿ ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಒಂದೇ ಉಂಡೆ ಹಿಟ್ಟನ್ನು ದೊಡ್ಡ ರೊಟ್ಟಿಯಾಗಿ ತಟ್ಟಿದರೆ ತೆಳ್ಳಗಾಗುವ ಹಾಗೆ, ಅದೇ ಬೆಳಕು ದೊಡ್ಡ ಜಾಗಕ್ಕೆ ಹರಡಿದರೆ ಮಂಕಾಗುತ್ತದೆ. 8 ಅಡಿ ಅಗಲದ ಚಿತ್ರವನ್ನು 6 ಅಡಿಗೆ ಇಳಿಸಿದರೆ ಬೆಳಕು ಸುಮಾರು ಒಂದೂಮುಕ್ಕಾಲು ಪಟ್ಟಾಗುತ್ತದೆ. ಇಂಥ ಪ್ರೊಜೆಕ್ಟರುಗಳಲ್ಲಿ 6 ಅಡಿ ಅಗಲದ ಚಿತ್ರಕ್ಕೆ 9ರಿಂದ 12 ಅಡಿ ದೂರ ಬೇಕಾಗುತ್ತದೆ. ಮುಂದೆ ಹಿಂದೆ ಸರಿಸಿ ನೋಡಿ. ಮೆನುವಿನಲ್ಲಿ ‘ಇಕೋ’ (ಲ್ಯಾಂಪನ್ನು ಮಂದವಾಗಿ ಉರಿಸುವ ಸೆಟ್ಟಿಂಗ್) ಇದ್ದರೆ ಮಧ್ಯಾಹ್ನದ ಪಾಠಕ್ಕೆ ಮಾತ್ರ ಆಫ್ ಮಾಡಿ. ಬೆಳಗ್ಗೆ ಇಕೋ ಇರಲಿ, ಲ್ಯಾಂಪ್ ಜಾಸ್ತಿ ದಿನ ಬಾಳುತ್ತದೆ.

10,000 ಲ್ಯೂಮೆನ್ಸ್‌ನ ಮಿನಿ ಪ್ರೊಜೆಕ್ಟರ್ ಆಸೆ ಬಿಡಿ. ಬೆಳಕನ್ನು ಪರದೆಯ ಮೇಲೆ ಒಂಬತ್ತು ಕಡೆ ಅಳೆದು ಸರಾಸರಿ ತೆಗೆಯುವ ಪದ್ಧತಿಗೆ ಆನ್ಸಿ ಲ್ಯೂಮೆನ್ಸ್ ಅನ್ನುತ್ತಾರೆ. ಇಂಥ ಅಗ್ಗದ ಮಿನಿ ಪ್ರೊಜೆಕ್ಟರುಗಳ ಮೇಲೆ ಆ ಹೆಸರಿಲ್ಲದೆ ಬರೆದ ಲ್ಯೂಮೆನ್ಸ್ ಸಂಖ್ಯೆಯನ್ನು ನಂಬುವಂತಿಲ್ಲ. ಆರೇಳು ಸಾವಿರದ ಆ ಪುಟ್ಟ ಎಲ್‌ಇಡಿ ಪೆಟ್ಟಿಗೆಗಳಲ್ಲಿ ನಿಜವಾಗಿ ಪರದೆಗೆ ಬೀಳುವುದು ಸಾಮಾನ್ಯವಾಗಿ ಕೆಲವೇ ನೂರು. ರಾತ್ರಿ ಮನೆಯಲ್ಲಿ ಸಿನಿಮಾ ನೋಡಲು ಸಾಕು. ಹಗಲು ಕ್ಲಾಸಿನಲ್ಲಿ ನಿಮ್ಮ ಹಳೆಯ ಪ್ರೊಜೆಕ್ಟರಿನ ಮುಂದೆ ಅದು ನಿಲ್ಲುವುದಿಲ್ಲ. ಮುಂದೆಂದಾದರೂ ಹೊಸದು ಕೊಳ್ಳುವಾಗ ಆನ್ಸಿ ಅಥವಾ ಐಎಸ್‌ಒ ಲ್ಯೂಮೆನ್ಸ್ ಅಂತ ಬರೆದಿದೆಯೇ, 3000ಕ್ಕೆ ಮೇಲಿದೆಯೇ ನೋಡಿ.

ಕೈ ಜುಮ್ ಅನ್ನುವುದನ್ನು ಮಾತ್ರ ಹಗುರವಾಗಿ ತಗೊಳ್ಳಬೇಡಿ. ಪತ್ರದಲ್ಲಿ ಅದನ್ನು ನಡುವೆ ಒಂದು ಸಾಲಿನಲ್ಲಿ ಬರೆದಿದ್ದೀರಿ, ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದ್ದು ಅದೇ. ಶಾಲೆಯ ಅರ್ಥಿಂಗ್ ಸರಿಯಿಲ್ಲದಿರಬಹುದು, ಅಥವಾ ಎಕ್ಸ್‌ಟೆನ್ಷನ್ ಬೋರ್ಡಿನ ಮೂರನೇ ತಂತಿ ಬಿಟ್ಟಿರಬಹುದು. ಹಾಗಿದ್ದಾಗ ಉಪಕರಣಗಳ ಲೋಹದ ಮೈಗೆ ಸಣ್ಣ ಸೋರಿಕೆ ಕರೆಂಟ್ ಬರುತ್ತದೆ. ಜುಮ್ ಅನ್ನುವುದು ಅದೇ. ಎಚ್‌ಡಿಎಂಐ ಪ್ಲಗ್ ಸಿಕ್ಕಿಸುವ ಕ್ಷಣದಲ್ಲಿ ಆ ಕರೆಂಟ್ ಲ್ಯಾಪ್‌ಟಾಪಿನ ಸಾಕೆಟ್ ಮೂಲಕ ಹರಿದರೆ ಪೋರ್ಟ್ ಸುಟ್ಟುಹೋಗಬಹುದು. ಮದರ್‌ಬೋರ್ಡಿಗೆ ಅಂಟಿದ ಪೋರ್ಟ್ ಅದು, ರಿಪೇರಿ ದುಬಾರಿ. ಅದಕ್ಕಿಂತ ಮುಖ್ಯ, ಆ ಮೇಜಿನ ಸುತ್ತ ಮಕ್ಕಳಿರುತ್ತಾರೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ನೀವಾಗಿ ಟೆಸ್ಟರ್ ಹಿಡಿದು ಕೈಹಾಕಬೇಡಿ. ಎಸ್‌ಡಿಎಂಸಿ ದುಡ್ಡಿನಲ್ಲಿ ಮೊದಲ ಪಾಲು ಇದಕ್ಕೇ ಹೋಗಲಿ.

ಅಲ್ಲಿಯವರೆಗೆ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ನಡೆಸಿ, ಸ್ವಿಚ್ ಎಲ್ಲ ಆಫ್ ಇರುವಾಗ ಮಾತ್ರ ಕೇಬಲ್ ಹಾಕಿ, ತೆಗೆಯಿರಿ. ಅರ್ಥಿಂಗ್ ಸರಿಯಾದ ಮೇಲೆ ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಎರಡೂ ಒಂದೇ ಬೋರ್ಡಿನಿಂದ ಕರೆಂಟ್ ತೆಗೆದುಕೊಳ್ಳಲಿ. ಚಿತ್ರದಲ್ಲಿ ಅಡ್ಡ ಪಟ್ಟೆಗಳು ನಿಧಾನವಾಗಿ ಮೇಲಕ್ಕೋ ಕೆಳಕ್ಕೋ ಹರಿಯುವುದೂ ಎರಡು ಬೇರೆ ಅರ್ಥಿಂಗ್‌ಗಳ ಜಗಳದಿಂದಲೇ. ಚಾರ್ಜರ್ ತೆಗೆದರೆ ಪಟ್ಟೆ ಮಾಯವಾದರೆ ಅದೇ ಕಾರಣ. ಕೆಲವರು ಪಟ್ಟೆ ಹೋಗಲಿ ಅಂತ ಪ್ಲಗ್ಗಿನ ದಪ್ಪ ಮೂರನೇ ಪಿನ್ ಮುರಿದುಬಿಡುತ್ತಾರೆ. ಪಟ್ಟೆ ಹೋಗುತ್ತದೆ, ಜೀವಕ್ಕಿದ್ದ ಕಾವಲೂ ಹೋಗುತ್ತದೆ. ಯಾರು ಹೇಳಿದರೂ ಅದನ್ನು ಮಾಡಬೇಡಿ.

ಶಾಲೆಯ ಪ್ರೊಜೆಕ್ಟರಿಗೆ ಇನ್ನೊಂದು ಶತ್ರು ಸೀಮೆಸುಣ್ಣದ ಪುಡಿ. ಪಕ್ಕದಲ್ಲಿ ಗಾಳಿ ಎಳೆಯುವ ಜಾಲರಿ ಇರುತ್ತದೆ, ಎಲ್‌ಸಿಡಿ ಪ್ರೊಜೆಕ್ಟರಾದರೆ ಅದರ ಹಿಂದೆ ಸ್ಪಾಂಜಿನಂಥ ಫಿಲ್ಟರ್. ಅದು ಕಟ್ಟಿಕೊಂಡರೆ ಒಳಗೆ ಕಾವು ಏರಿ ಪಾಠದ ನಡುವೆ ತಾನೇ ಆರುತ್ತದೆ, ‘ಟೆಂಪ್’ ಅನ್ನುವ ದೀಪ ಮಿನುಗುತ್ತದೆ. ತಿಂಗಳಿಗೊಮ್ಮೆ ಫಿಲ್ಟರ್ ಹೊರತೆಗೆದು ಮೆತ್ತನೆಯ ಬ್ರಷ್‌ನಿಂದ ಕೊಡವಿ. ಬ್ಲೋವರ್ ಇಟ್ಟು ಜಾಲರಿಯ ಮೂಲಕ ಒಳಗೆ ಊದಬೇಡಿ, ದೂಳು ಹೋಗಿ ಪ್ಯಾನೆಲ್ ಮೇಲೆ ಕೂರುತ್ತದೆ. ಬೋರ್ಡ್ ಒರೆಸಿದ ಕೂಡಲೇ ಪ್ರೊಜೆಕ್ಟರ್ ಆನ್ ಮಾಡಬೇಡಿ. ಬಿಸಿ ಇರುವಾಗ ಬಟ್ಟೆ ಮುಚ್ಚಬೇಡಿ.

ಕರೆಂಟ್ ಹೋದರೆ ಕೆಡುತ್ತದೆ ಅನ್ನುವ ಮಾತಿನಲ್ಲಿ ಅರ್ಧ ನಿಜವಿದೆ. ಒಂದು ಸಲಕ್ಕೆ ಏನೂ ಆಗುವುದಿಲ್ಲ. ಲ್ಯಾಂಪ್ ಅಂದರೆ ಪಾದರಸದ ಆವಿ ತುಂಬಿದ ಪುಟ್ಟ ಗಾಜಿನ ಗುಳ್ಳೆ. ಉರಿಯುವಾಗ ಒಳಗೆ ವಾತಾವರಣದ ಸುಮಾರು ಇನ್ನೂರು ಪಟ್ಟು ಒತ್ತಡ ಇರುತ್ತದೆ. ಆಫ್ ಮಾಡಿದ ಮೇಲೂ ಫ್ಯಾನ್ ಒಂದೆರಡು ನಿಮಿಷ ತಿರುಗುವುದು ಅದನ್ನು ತಣ್ಣಗೆ ಮಾಡಲು. ಕರೆಂಟ್ ಹೋದರೆ ಫ್ಯಾನೂ ನಿಲ್ಲುತ್ತದೆ, ಕಾವು ಒಳಗೇ ಉಳಿಯುತ್ತದೆ. ದಿನಾ ಹೀಗಾದರೆ ಲ್ಯಾಂಪಿನ ಆಯಸ್ಸು ಕಡಿಮೆಯಾಗುತ್ತದೆ. ಕೆಲವು ಮಾದರಿಗಳಲ್ಲಿ ನೇರವಾಗಿ ಪ್ಲಗ್ ತೆಗೆಯಬಹುದು ಅಂತ ಕಂಪನಿಯೇ ಹೇಳಿರುತ್ತದೆ, ಹಳೆಯವುಗಳಲ್ಲಿ ಇಲ್ಲ. ಕರೆಂಟ್ ಹೋದ ಕೂಡಲೇ ಗೋಡೆಯ ಸ್ವಿಚ್ ಆಫ್ ಮಾಡಿ, ವಾಪಸ್ ಬರುವಾಗಿನ ಏರಿಳಿತದಿಂದ ಉಳಿಯುತ್ತದೆ. ಬಂದ ಮೇಲೂ ಹತ್ತು ಹದಿನೈದು ನಿಮಿಷ ಬಿಡಿ. ಬಿಸಿ ಲ್ಯಾಂಪ್ ಹೊತ್ತಿಕೊಳ್ಳುವುದಿಲ್ಲ, ಮತ್ತೆ ಮತ್ತೆ ಒತ್ತಿದರೆ ಅದಕ್ಕೆ ಪೆಟ್ಟು. ಲ್ಯಾಬಿನಲ್ಲಿ 600 ವಿಎ ಯುಪಿಎಸ್ ಇದ್ದರೆ ಪ್ರೊಜೆಕ್ಟರ್ ಒಂದನ್ನೇ ಅದಕ್ಕೆ ಹಾಕಿ. ಮೊದಲು ಹಿಂದಿನ ಲೇಬಲ್ಲಿನಲ್ಲಿ ಎಷ್ಟು ವಾಟ್ ಅಂತ ನೋಡಿ, 300ರ ಒಳಗಿದ್ದರೆ ಸಾಮಾನ್ಯವಾಗಿ ತಡೆಯುತ್ತದೆ. ಪಾಠ ಮುಂದುವರಿಸಲು ಅಲ್ಲ, ಸರಿಯಾಗಿ ಆಫ್ ಮಾಡಿ ಫ್ಯಾನ್ ತಿರುಗಲು ಬೇಕಾದ ಕೆಲವು ನಿಮಿಷಕ್ಕೆ.

ಲ್ಯಾಂಪ್ ಇನ್ನೆಷ್ಟು ದಿನ ಬರಬಹುದು ಅಂತ ತಿಳಿಯಲು ಮೆನುವಿನ ‘ಇನ್ಫರ್ಮೇಷನ್’ ಭಾಗದಲ್ಲಿ ‘ಲ್ಯಾಂಪ್ ಅವರ್ಸ್’ ನೋಡಿ. ಇಂಥ ಲ್ಯಾಂಪುಗಳಿಗೆ ಮಾದರಿಗೆ ತಕ್ಕಂತೆ 3000ದಿಂದ 5000 ಗಂಟೆ ಆಯಸ್ಸು ಹೇಳಿರುತ್ತಾರೆ. ಅಷ್ಟು ಹೊತ್ತಿಗೆ ಬೆಳಕು ಅರ್ಧಕ್ಕೆ ಇಳಿದಿರುತ್ತದೆ ಅಂತ ಅದರ ಅರ್ಥ. ನೀವು ದಿನಕ್ಕೆ ಎರಡು ಗಂಟೆ, ವರ್ಷಕ್ಕೆ 200 ದಿನ ಬಳಸಿದರೂ 400 ಗಂಟೆ. ಈಗ 1500 ಗಂಟೆ ಓಡಿದ್ದರೆ ಇನ್ನೂ ಎಷ್ಟೋ ವರ್ಷ ಬರುತ್ತದೆ. 4000 ದಾಟಿದ್ದರೆ ಲ್ಯಾಂಪಿಗೆ ದುಡ್ಡು ಎತ್ತಿಡಲು ಶುರು ಮಾಡಿ, ಆದರೆ ಎಚ್ಚರಿಕೆಯ ದೀಪ ಬರುವವರೆಗೆ ಬದಲಿಸುವ ಅವಸರ ಬೇಡ.

ಆ ದಿನ ಬಂದಾಗ ಪ್ರೊಜೆಕ್ಟರಿನ ಮಾದರಿ ಸಂಖ್ಯೆ ಹೇಳಿ, ಗೂಡಿನ (ಹೌಸಿಂಗ್) ಸಮೇತ ಇರುವ ಲ್ಯಾಂಪೇ ಕೇಳಿ. ಬರೀ ಬಲ್ಬ್ ಅಗ್ಗ, ಆದರೆ ಹಳೆಯ ಗೂಡಿನಲ್ಲಿ ಸರಿಯಾಗಿ ಕೂರಿಸುವುದು ಎಲ್ಲರಿಗೂ ಬರುವ ಕೆಲಸವಲ್ಲ. ಪ್ಲಗ್ ತೆಗೆದು ಒಂದು ಗಂಟೆ ತಣ್ಣಗಾಗಲು ಬಿಟ್ಟು ಬದಲಿಸಿ, ಗಾಜಿಗೆ ಬೆರಳು ತಾಗಿಸಬೇಡಿ, ಆಮೇಲೆ ಮೆನುವಿನಲ್ಲಿ ಲ್ಯಾಂಪ್ ಟೈಮರ್ ಸೊನ್ನೆ ಮಾಡಿ. ಇಲ್ಲದಿದ್ದರೆ ಹೊಸ ಲ್ಯಾಂಪ್ ಹಾಕಿದ ಮೇಲೂ ‘ಲ್ಯಾಂಪ್ ಬದಲಿಸಿ’ ಅಂತಲೇ ತೋರಿಸುತ್ತಿರುತ್ತದೆ. ಎಂದಾದರೂ ಪಟ್ ಅಂತ ಸದ್ದಾಗಿ ಲ್ಯಾಂಪ್ ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ಬಾಗಿಲು ತೆರೆದಿಟ್ಟು ಪಾದರಸದ ಆವಿ ಹೋಗಲು ಅರ್ಧ ಗಂಟೆಯಾದರೂ ಬಿಡಿ. ಚೂರುಗಳನ್ನು ಬರಿಗೈಯಲ್ಲಿ ಎತ್ತಬೇಡಿ, ಪೊರಕೆಯಿಂದಲೂ ಗುಡಿಸಬೇಡಿ. ಗಟ್ಟಿ ಕಾಗದದಿಂದ ಎತ್ತಿ ಮುಚ್ಚಳದ ಡಬ್ಬಿಗೆ ಹಾಕಿ. ಹಳೆಯ ಲ್ಯಾಂಪನ್ನೂ ಆ ಡಬ್ಬಿಯನ್ನೂ ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.